ಗಣಿಯ ಕಾಯಿಲೆ ಮನೆಯ ಚಿಂತೆಯಾದ ಬಗೆ

ರೇಡಾನ್ ಎಂಬ ವಿಕಿರಣಶೀಲ ಅನಿಲ ಬಹಳ ಕಾಲ ಗಣಿಗಳ ಪಿಡುಗಾಗಿಯೇ ಇತ್ತು, ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಜರ್ಮನಿಯ ಷ್ನೇಬರ್ಗ್ ಸುತ್ತಲಿನ ಗಣಿಗಳಲ್ಲಿ ಕಾರ್ಮಿಕರು ಎದೆಯ ಕಾಯಿಲೆಯಿಂದ ಚಿಕ್ಕ ವಯಸ್ಸಿಗೇ ಸಾಯುವುದನ್ನು 16ನೇ ಶತಮಾನದಲ್ಲೇ ಗಮನಿಸಿದ್ದರು. ಅದು ಶ್ವಾಸಕೋಶದ ಗೆಡ್ಡೆ ಎಂದು ವೈದ್ಯರು ಹೇಳಿದ್ದು 1879ರಲ್ಲಿ. ರೇಡಾನ್ ಪತ್ತೆಯಾಗಿದ್ದು ಅದಕ್ಕೂ 20 ವರ್ಷ ತಡವಾಗಿ.

ಮಣ್ಣು, ಬಂಡೆಗಳಲ್ಲಿ ಸ್ವಲ್ಪ ಸ್ವಲ್ಪ ಯುರೇನಿಯಂ ಎಲ್ಲ ಕಡೆ ಇರುತ್ತದೆ. ಅದು ಕ್ಷಯಿಸುತ್ತಾ ರೇಡಿಯಂ ಆಗಿ, ರೇಡಿಯಂ ರೇಡಾನ್ ಆಗುತ್ತದೆ. ಬಣ್ಣ, ವಾಸನೆ, ರುಚಿ ಏನೂ ಇಲ್ಲ. ಬಯಲಿಗೆ ಬಂದರೆ ಗಾಳಿಯಲ್ಲಿ ಚದುರಿಹೋಗುತ್ತದೆ. ಆದರೆ ಮನೆಯೊಳಗಿನ ಬೆಚ್ಚನೆ ಗಾಳಿ ಮೇಲೇರಿ ಹೊರಗೆ ಹೋಗುವಾಗ, ನೆಲದ ಬಿರುಕು, ಪೈಪಿನ ಸಂದುಗಳಿಂದ ಮಣ್ಣಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ರೇಡಾನ್ ಒಡೆದು ಹುಟ್ಟುವ ಪೊಲೋನಿಯಂ ಎಂಬ ವಿಕಿರಣಶೀಲ ಲೋಹ ಧೂಳಿಗೆ ಅಂಟಿ ಶ್ವಾಸಕೋಶದಲ್ಲಿ ಕೂರುತ್ತದೆ. ನಿಜವಾದ ಹಾನಿ ಅಲ್ಲಿ ಶುರು.

ಇದು ಮನೆಗಳ ಸಮಸ್ಯೆಯೂ ಹೌದು ಎಂದು ಜನರಿಗೆ ತಟ್ಟಿದ್ದು 1984ರ ಡಿಸೆಂಬರಿನಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಮರಿಕ್ ಅಣು ವಿದ್ಯುತ್ ಸ್ಥಾವರ ಇನ್ನೂ ವಿದ್ಯುತ್ ಕೊಡಲು ಶುರು ಮಾಡಿರಲಿಲ್ಲ. ಆದರೂ ಅಲ್ಲಿನ ಒಬ್ಬ ಎಂಜಿನಿಯರ್ ದಾಟಿದಾಗಲೆಲ್ಲ ವಿಕಿರಣ ಪತ್ತೆ ಮಾಡುವ ಯಂತ್ರದ ಅಲಾರಂ ಹೊಡೆದುಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಅವರು ಕೆಲಸಕ್ಕೆ ಒಳಗೆ ಬರುವಾಗಲೇ ಯಂತ್ರದ ಮುಂದೆ ನಿಂತರು. ಆಗಲೂ ಅಲಾರಂ! ವಿಕಿರಣ ಅಂಟಿಕೊಂಡಿದ್ದು ಸ್ಥಾವರದಲ್ಲಿ ಅಲ್ಲ, ಮನೆಯಲ್ಲಿ. ಅಳೆದು ನೋಡಿದರೆ ಮನೆಯ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 1 ಲಕ್ಷ ಬೆಕೆರೆಲ್ (ವಿಕಿರಣಶೀಲತೆ ಅಳೆಯುವ ಮಾನ) ರೇಡಾನ್ ಇತ್ತು. ಗಣಿಯೊಳಗೂ ಒಪ್ಪಲಾಗದಷ್ಟು ಜಾಸ್ತಿ. ಆ ಮನೆಯಲ್ಲಿ ಮಕ್ಕಳೂ ಇದ್ದರು.

ಆಮೇಲೆ ಹೆಜ್ಜೆಗಳು ಬೇಗ ಬಿದ್ದವು. 1988ರಲ್ಲಿ ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ ರೇಡಾನ್ ಅನ್ನು ಕ್ಯಾನ್ಸರ್‌ಕಾರಕ ಎಂದು ಘೋಷಿಸಿತು. ಯುರೋಪಿನ 13 ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ಲೆಕ್ಕದಂತೆ, ಮನೆಯ ಗಾಳಿಯಲ್ಲಿ ಪ್ರತಿ 100 ಬೆಕೆರೆಲ್ ಹೆಚ್ಚಾದಂತೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸುಮಾರು ಶೇ. 16 ಏರುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಈ ಅಪಾಯ ಇನ್ನೂ ಬಹಳ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ 100 ಬೆಕೆರೆಲ್ ಮಿತಿ ಸೂಚಿಸಿತು. ಅದು ಆಗದ ಕಡೆ 300 ದಾಟಬಾರದು ಎಂದಿತು.

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಒಂದೇ: ಪಕ್ಕದ ಮನೆಯ ಅಳತೆಯಿಂದ ನಮ್ಮ ಮನೆಯದು ತಿಳಿಯುವುದಿಲ್ಲ. ಅಡಿಪಾಯ, ಬಿರುಕು, ಕೆಳಗಿನ ಮಣ್ಣು ಪ್ರತಿ ಮನೆಗೂ ಬೇರೆ ಅಲ್ವಾ? ಪ್ರದೇಶದ ನಕ್ಷೆ ನೋಡಿ ಸುಮ್ನೆ ನಿರಾಳ ಆಗುವುದೂ ಸರಿಯಲ್ಲ. ಅಳೆಯುವುದು ಕಷ್ಟವೇನಲ್ಲ. ಇದ್ದಿಲು ತುಂಬಿದ ಡಬ್ಬಿಯನ್ನು ಕೆಲವು ದಿನ ಇಟ್ಟು ಲ್ಯಾಬಿಗೆ ಕಳಿಸಬಹುದು. ಅದಕ್ಕಿಂತ ನಂಬಲರ್ಹವಾದುದು ಮೂರು ತಿಂಗಳಿಂದ ಒಂದು ವರ್ಷ ಇಡುವ, ರೇಡಾನ್ ಹೊಮ್ಮಿಸುವ ಆಲ್ಫಾ ಕಣಗಳನ್ನು ಗುರುತಿಸುವ ಸಾಧನ. ಏಕೆಂದರೆ ರೇಡಾನ್ ಮಟ್ಟ ಋತುವಿನಿಂದ ಋತುವಿಗೆ, ಹಗಲಿನಿಂದ ರಾತ್ರಿಗೆ ಬದಲಾಗುತ್ತದೆ. ಜನ ಹೆಚ್ಚು ಹೊತ್ತು ಕಳೆಯುವ, ನೆಲಕ್ಕೆ ಹತ್ತಿರದ ಕೋಣೆಯಲ್ಲಿ ಇಡಬೇಕು.

ಜಾಸ್ತಿ ಬಂದರೆ ಮನೆ ಬಿಡಬೇಕಿಲ್ಲ. ನೆಲದ ಕೆಳಗಿನಿಂದ ಛಾವಣಿಯ ಮೇಲಕ್ಕೆ ಪೈಪ್ ಎಳೆದು, ಫ್ಯಾನ್ ಇಟ್ಟು, ಮಣ್ಣಿನ ಗಾಳಿಯನ್ನು ಒಳಗೆ ಬರುವ ಮೊದಲೇ ಹೊರಗೆ ಕಳಿಸಬಹುದು. ಆಮೇಲೆ ಮತ್ತೊಮ್ಮೆ ಅಳೆದರೇನೇ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತಾಗುವುದು.