ಉಡುವ ಸಂದರ್ಭವೇ ಇಲ್ಲದಾಗ ಸೀರೆ ನೋಡಿದ್ದೇಕೆ?

ಪ್ರಶ್ನೆ: ಕೋವಿಡ್ ಕಾಲದಲ್ಲಿ ಮದುವೆ, ಹಬ್ಬ, ಓಡಾಟ ಎಲ್ಲಕ್ಕೂ ತಡೆ ಬಿದ್ದಿತ್ತು. ಆದರೂ ನಮ್ಮ ಮನೆಯ ಹೆಂಗಸರು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಸೀರೆಯ ವಿಡಿಯೊಗಳನ್ನು ಮೊದಲಿಗಿಂತ ಹೆಚ್ಚು ನೋಡತೊಡಗಿದರು. ಇದಕ್ಕೆ ಕಾರಣವೇನು?
— ಮೈಸೂರಿನ ಓದುಗರು

ಉತ್ತರ: 2020ರ ಮಾರ್ಚ್ 25ರಂದು, ದೇಶದಾದ್ಯಂತ ಲಾಕ್‌ಡೌನ್ ಆರಂಭವಾದ ದಿನವೇ, ಯುಗಾದಿ ಹಬ್ಬವೂ ಆಗಿತ್ತು. ಹೊಸ ಬಟ್ಟೆ ಉಟ್ಟು ನೆಂಟರಿಷ್ಟರನ್ನು ಕಾಣಬೇಕಾದ ದಿನ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಬಟ್ಟೆ ಅಂಗಡಿಗಳು ಬಾಗಿಲು ಹಾಕಿದ್ದವು. ನಮ್ಮ ಕಡೆ ಸೀರೆ ಕೊಳ್ಳಲು ಒಬ್ಬರೇ ಹೋಗುವುದು ಅಪರೂಪ. ಅತ್ತಿಗೆ, ಚಿಕ್ಕಮ್ಮ, ಪಕ್ಕದ ಮನೆಯವರು ಜೊತೆಗೆ ಕುಳಿತು, ಅಂಚು ಸಣ್ಣದಾಯಿತು, ಬಣ್ಣ ನಿನಗೆ ಒಪ್ಪುತ್ತದೆ ಎಂದು ಹೇಳಬೇಕು. ಆ ಕೂಟವೇ ಮೊಬೈಲಿಗೆ ಬಂತು. ಒಂದು ಸೀರೆಯ ಚಿತ್ರದ ಕೆಳಗೆ ಇಪ್ಪತ್ತು ಜನ ಮಾತನಾಡಿದ್ದರೆ, ಅವರಲ್ಲಿ ಹೆಚ್ಚಿನವರಿಗೆ ಅದು ಯೋಗಕ್ಷೇಮ ವಿಚಾರಿಸಿಕೊಳ್ಳುವ ಬಗೆಯಾಗಿತ್ತೆಂದು ನಾನು ತಿಳಿದಿದ್ದೇನೆ. ಅಂದಿನ ಲೈಕು, ಕಮೆಂಟುಗಳನ್ನು ವ್ಯಾಪಾರದ ಲೆಕ್ಕವೆಂದು ಓದಿದವರು ಮೋಸ ಹೋದದ್ದು ಇದರಿಂದಲೇ.

ತಂತ್ರಜ್ಞಾನದ ಪಾಲೂ ಇದೆ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂದ ಮೇಲೆ ಚಿಕ್ಕ ವಿಡಿಯೊಗಳು ಕೈಗೆ ಸುಲಭವಾಗಿ ಸಿಕ್ಕವು.

ಆದರೆ ವ್ಯಾಪಾರಿಗಳ ಪಾಲಿಗೆ ನಿಜವಾದ ಕಷ್ಟ ನಂಬಿಕೆಯದಾಗಿತ್ತು. 1912ರಿಂದ ರೇಷ್ಮೆ ನೇಯ್ಗೆಯ ಕಾರ್ಖಾನೆ ಇರುವ ಊರಿನ ಜನ ಸೀರೆಯನ್ನು ಕೈಯಿಂದ ತಿಳಿಯುತ್ತಾರೆ: ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು, ತೂಕ ನೋಡಿ, ಜರಿಯನ್ನು ಬೆರಳಿನಿಂದ ಸವರುತ್ತಾರೆ. ಮೊಬೈಲಿನಲ್ಲಿ ಇದಾವುದಕ್ಕೂ ಎಡೆಯಿಲ್ಲ. ಆ ವರ್ಷ ಜುಲೈ 31ರಂದು ಬಂದ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಮಂಡ್ಯದಲ್ಲಿರುವ ನಮ್ಮ ಚಿಕ್ಕಮ್ಮ ಮೈಸೂರಿನ ಅಂಗಡಿಯೊಂದಕ್ಕೆ ವಾಟ್ಸಾಪ್‌ನಲ್ಲಿ ವಿಡಿಯೊ ಕರೆ ಮಾಡಿದ್ದರು. ಟ್ಯೂಬ್‌ಲೈಟಿನ ಕೆಳಗೆ ಹಸಿರಾಗಿ ಕಂಡ ಸೀರೆಯನ್ನು ನೋಡಿ, "ಸ್ವಲ್ಪ ಬಾಗಿಲ ಹತ್ರ ಬಿಸಿಲಿಗೆ ಹಿಡೀರಿ ಅಣ್ಣ" ಎಂದರು. ಅವರು ಹಿಡಿದಾಗ ಒಡಲು ನವಿಲುಗರಿಯ ನೀಲಿಗೆ ತಿರುಗಿತು. "ಟ್ಯೂಬ್‌ಲೈಟಿನಲ್ಲಿ ಹಾಗೇ ಕಾಣುತ್ತಮ್ಮ, ನಿಮಗೆ ಬೇಡವೆಂದರೆ ಬೇರೆ ತೋರಿಸುತ್ತೇನೆ" ಎಂದು ಅಂಗಡಿಯವರು ತಾವಾಗಿಯೇ ಹೇಳಿದರು. ಸೀರೆಯನ್ನು ಮುಟ್ಟಿ ನೋಡುವಂತಿಲ್ಲದ ಚಿಕ್ಕಮ್ಮ ಆ ಒಂದು ಮಾತನ್ನು ನಂಬಿ ಹಣ ಕಳುಹಿಸಿದರು. ಚಂದದ ಚಿತ್ರ ಹಾಕಿದವರಿಗಿಂತ ಕೊರತೆಯನ್ನೂ ತೋರಿಸಿದವರಿಗೆ ಗಿರಾಕಿಗಳು ಅಂಟಿಕೊಂಡರೆಂಬುದು ನನ್ನ ಅನುಭವ.

ಕಾಯಿಲೆಯ ಭಯ ಆಸಕ್ತಿಯನ್ನು ಸದಾ ಹೆಚ್ಚಿಸುತ್ತದೆಂದು ಮಾತ್ರ ತಿಳಿಯಬಾರದು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ, ಎರಡನೆಯ ಅಲೆಯಲ್ಲಿ, ಸೀರೆಯ ಮಾತು ನಡೆಯುತ್ತಿದ್ದ ಅದೇ ಮೊಬೈಲ್ ಗುಂಪುಗಳಲ್ಲಿ ಆಮ್ಲಜನಕ ಎಲ್ಲಿ ಸಿಗುತ್ತದೆ, ಹಾಸಿಗೆ ಎಲ್ಲಿ ಖಾಲಿಯಿದೆ ಎಂಬ ಕೋರಿಕೆಗಳು ತುಂಬಿದ್ದವು. ಸಾವು ಪಕ್ಕದ ಬೀದಿಗೆ ಬಂದಿದ್ದಾಗ ಹೊಸ ಸೀರೆಯ ಚಿತ್ರ ಹಾಕುವುದು ಎಷ್ಟೋ ಜನರಿಗೆ ನೋವಾಗುವಂತಿತ್ತು, ಮತ್ತು ಅವರ ಆ ನೋವು ಸರಿಯಾದದ್ದೇ. ಆಗ ಮಾರಾಟದ ಮಾತು ನಿಲ್ಲಿಸಿ ಕೋರಿಕೆಗಳನ್ನು ಹಂಚಿದ ಅಂಗಡಿಗಳನ್ನು ಜನ ಮರೆತಿಲ್ಲ.

ಚಿಕ್ಕಮ್ಮ ಈಗ ಮತ್ತೆ ಅಂಗಡಿಗೇ ಹೋಗುತ್ತಾರೆ, ಅದೂ ಅತ್ತಿಗೆಯೊಂದಿಗೆ. ಮೊಬೈಲಿನಲ್ಲಿ ಉಳಿಸಿಕೊಂಡ ನಾಲ್ಕು ಚಿತ್ರಗಳನ್ನು ಮೊದಲು ತೋರಿಸಿ, ಅಂಗಡಿಯವರು ತೆಗೆದಿಟ್ಟ ಸೀರೆಯನ್ನು ಎತ್ತಿಕೊಂಡು ಬಾಗಿಲ ಬಳಿಯ ಬಿಸಿಲಿಗೆ ಬರುತ್ತಾರೆ.