ಕೆನ್ನೆಗೆ ತಣ್ಣಗಾಗದ ಸ್ಫಟಿಕ

ಮಾಟುಂಗಾದ ಅಮ್ಮ ಒಬ್ಬರು ಕಳೆದ ವಾರ ಸ್ಫಟಿಕದ ಜಪಮಾಲೆ ತಂದಿದ್ದರು. "ನೋಡಪ್ಪಾ, ಇದು ಅಸಲಿ ಅಲ್ವಾ?" ಎಂದರು. ಮುಂಬೈನಲ್ಲಿ ರತ್ನ ಪರೀಕ್ಷೆ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಒಂದು ಮಣಿಯನ್ನು ಕೆನ್ನೆಗೆ ಒತ್ತಿಕೊಂಡೆ. ತಣ್ಣಗೆನಿಸಲಿಲ್ಲ. ಅಲ್ಲೇ ಅನುಮಾನ ಬಂತು.

ಸ್ಫಟಿಕ ಎಂದರೆ ಸಿಲಿಕಾನ್ ಮತ್ತು ಆಮ್ಲಜನಕ. ಗಾಜಿನಲ್ಲೂ ಮುಖ್ಯವಾಗಿ ಅವೇ. ಎರಡರಲ್ಲೂ ಒಂದು ಸಿಲಿಕಾನ್ ಸುತ್ತ ನಾಲ್ಕು ಆಮ್ಲಜನಕ. ಬೇರೆಯಾಗುವುದು ಜೋಡಣೆ. ಸ್ಫಟಿಕದಲ್ಲಿ ರಂಗೋಲಿ ಚುಕ್ಕಿಯ ಹಾಗೆ ಎಷ್ಟು ದೂರ ಹೋದರೂ ಅದೇ ಸಾಲು, ಅದೇ ಅಂತರ. ಗಾಜಿನಲ್ಲಿ ಅಕ್ಕಪಕ್ಕ ಸರಿಯಾಗಿಯೇ ಇರುತ್ತದೆ, ನಾಲ್ಕು ಹೆಜ್ಜೆ ದಾಟಿದರೆ ಸಾಲು ಕಲಸಿಹೋಗುತ್ತದೆ.

ಪರಮಾಣುಗಳು ಸುಮ್ನೆ ಕೂರುವುದಿಲ್ಲ, ಸದಾ ಕಂಪಿಸುತ್ತಿರುತ್ತವೆ. ಸಾಲು ನೆಟ್ಟಗಿದ್ದರೆ ಕಂಪನ ಅಲೆಯಾಗಿ ದೂರ ಓಡುತ್ತದೆ. ಶಾಖವನ್ನು ಹೊತ್ತೊಯ್ಯುವುದು ಆ ಅಲೆಗಳೇ. ಕೆನ್ನೆಯ ಬಿಸಿಯನ್ನು ಸ್ಫಟಿಕ ಬೇಗ ಎಳೆದುಕೊಳ್ಳುತ್ತದೆ, ಅದಕ್ಕೇ ತಂಪು. ಗಾಜಿನಲ್ಲಿ ಅಲೆ ಸ್ವಲ್ಪ ದೂರದಲ್ಲೇ ಚದುರಿಹೋಗುತ್ತದೆ. ಶಾಖ ಸಾಗಿಸುವುದರಲ್ಲಿ ಸ್ಫಟಿಕ ಗಾಜಿಗಿಂತ ಐದಾರು ಪಟ್ಟಾದರೂ ಮುಂದು.

ಆದರೆ ಕೆನ್ನೆಯನ್ನು ನಂಬಿ ವರದಿ ಬರೆಯಲಾಗದು. ಮಣಿಯನ್ನು ರಾಮನ್ ಯಂತ್ರಕ್ಕಿಟ್ಟು ಲೇಸರ್ ಬಿಟ್ಟೆ. ಸಿ. ವಿ. ರಾಮನ್ 1928ರಲ್ಲಿ ಕಂಡ ಪರಿಣಾಮವೇ ಇದರ ಜೀವಾಳ: ಚದುರಿದ ಬೆಳಕು ಪರಮಾಣುಗಳ ಕಂಪನದ ಗುರುತು ಹೊತ್ತು ಬರುತ್ತದೆ. ಸ್ಫಟಿಕವಾದರೆ, ಬೆಳಕು ಎಷ್ಟು ಬದಲಾಯಿತೆಂದು ತೋರಿಸುವ ಅಳತೆಪಟ್ಟಿಯಲ್ಲಿ, ಸೆಂಟಿಮೀಟರಿಗೆ 464 ಅಲೆಗಳ ಜಾಗದಲ್ಲಿ ಸೂಜಿಯಂಥ ಗೆರೆ ಏಳಬೇಕು. ತೆರೆಯ ಮೇಲೆ ಮೂಡಿದ್ದು ಅಗಲವಾದ ದಿಬ್ಬಗಳು. ಗಾಜಿನಲ್ಲಿ ಒಂದೊಂದು ಕೊಂಡಿಯ ಕೋನವೂ ಒಂದೊಂದು ಥರ, ಹಾಗಾಗಿ ಕಂಪನದ ವೇಗವೂ ಹಲವು. ಎಲ್ಲ ಸೇರಿ ದಿಬ್ಬವಾಗುತ್ತದೆ.

ತೀರಾ ಚಳಿಯಲ್ಲಿ ಗಾಜು ಇನ್ನೂ ಅಚ್ಚರಿ ಹುಟ್ಟಿಸುತ್ತದೆ. 1 ಕೆಲ್ವಿನ್‌ಗಿಂತ (ಸುಮಾರು ಮೈನಸ್ 272 ಡಿಗ್ರಿ ಸೆಲ್ಸಿಯಸ್) ಕೆಳಗೆ ಅದು ಸ್ಫಟಿಕಕ್ಕಿಂತ ಬಹಳ ಜಾಸ್ತಿ ಶಾಖ ಹಿಡಿದಿಡುತ್ತದೆ ಎಂದು ಭೌತವಿಜ್ಞಾನಿಗಳಾದ ಝೆಲ್ಲರ್ ಮತ್ತು ಪೋಲ್ 1971ರಲ್ಲಿ ತೋರಿಸಿದರು. ಕೆಲವು ಪರಮಾಣು ಗುಂಪುಗಳು ಎರಡು ಜಾಗಗಳ ನಡುವೆ ಜಾರಾಡುತ್ತವೆ ಎಂಬುದು ಮರುವರ್ಷ ಬಂದ ವಿವರಣೆ. ಅದನ್ನು ಕೊಟ್ಟವರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಚಂದ್ರ ವರ್ಮಾ ಒಬ್ಬರು. ನನಗೆ ಇದು ಹೆಮ್ಮೆಯ ವಿಷಯ.

ಅಮ್ಮನಿಗೆ ಗಾಜೆಂದು ಹೇಳುವಾಗ ಸಂಕಟವಾಯಿತು. ನನ್ನ ಮೇಜಿನ ಅಸಲಿ ತುಂಡನ್ನು ಕೈಗಿಟ್ಟೆ. ಕೆನ್ನೆಗೆ ಹಿಡಿದು, "ಇದು ಬೇರೇನೇ" ಎಂದರು. ನೀವೂ ಕೊಳ್ಳುವಾಗ ಅದೇ ಕೋಣೆಯಲ್ಲಿರುವ ಗಾಜಿನ ಲೋಟದ ಜೊತೆ ಹೋಲಿಸಿ ನೋಡಿ. ಎಸಿ ಅಂಗಡಿಯಲ್ಲಿ ಗಾಜೂ ತಣ್ಣಗೇ ಇರುತ್ತದೆ.