ಹೊಸ ಬಾಯ್ಲರ್, ಹಳೆಯ ಕಪ್ಪು ನೀರು

ಮನೆಯನ್ನು ಬೆಚ್ಚಗಿಡುವ ಬಾಯ್ಲರ್ ಹೆಚ್ಚಾಗಿ ಕೈಕೊಡುವುದು ಅತಿ ಚಳಿಯ ರಾತ್ರಿಯಲ್ಲೇ. ಇದಕ್ಕೆ ಹಣೆಬರಹವನ್ನು ಹಳಿಯಬೇಕಿಲ್ಲ. ಹೊಗೆಯಲ್ಲಿನ ಆವಿಯನ್ನು ಹನಿಯಾಗಿಸಿ ಅದರ ಶಾಖವನ್ನೂ ಬಳಸುವ ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗಳಿಂದ ಒಂದು ತೆಳುವಾದ ಪ್ಲಾಸ್ಟಿಕ್ ಕೊಳವೆ ಎಷ್ಟೋ ಮನೆಗಳಲ್ಲಿ ಹೊರಗೋಡೆಯ ಮೇಲೆ ಇಳಿದಿರುತ್ತದೆ. ಅದರಲ್ಲಿ ತೊಟ್ಟಿಕ್ಕುವ ನೀರು ಹೆಪ್ಪುಗಟ್ಟಿದರೆ ಕೊಳವೆ ಕಟ್ಟಿಕೊಳ್ಳುತ್ತದೆ, ನೀರು ಹಿಂದಕ್ಕೆ ನಿಲ್ಲುತ್ತದೆ, ಯಂತ್ರ ತಾನಾಗಿಯೇ ಆರಿಹೋಗುತ್ತದೆ. ಕೊಳವೆಯ ಮೇಲೆ ಬೆಚ್ಚಗಿನ ನೀರು ಸುರಿದು ಗುಂಡಿ ಒತ್ತಿದರೆ ಮತ್ತೆ ಉರಿ ಹತ್ತುತ್ತದೆ. ಅಷ್ಟು ಹೊತ್ತಿಗೆ ಮನೆಯವರು ಹೊಸ ಬಾಯ್ಲರ್‌ನ ಬೆಲೆ ವಿಚಾರಿಸಿ ಆಗಿರುತ್ತದೆ!

ಬಾಯ್ಲರ್ ಎಂಬ ಹೆಸರೇ ಅರ್ಧ ಸುಳ್ಳು. ಬಹುತೇಕ ಮನೆಗಳಲ್ಲಿ ಅದರೊಳಗಿನ ನೀರು ಕುದಿಯುವುದೇ ಇಲ್ಲ. 60ರಿಂದ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು, ಪಂಪ್ ತಳ್ಳಿದ ಕಡೆಗೆ ಹೋಗಿ, ಕೋಣೆ ಕೋಣೆಯ ರೇಡಿಯೇಟರ್‌ಗಳಲ್ಲಿ ಶಾಖ ಬಿಟ್ಟುಕೊಟ್ಟು ಮರಳಿ ಬರುತ್ತದೆ. ವರ್ಷಗಟ್ಟಲೆ ಸುತ್ತುವುದು ಅದೇ ನೀರು. ಈ ಮಾತನ್ನು ನೆನಪಿನಲ್ಲಿಡಿ.

ಪದೇ ಪದೇ ಆರುವ ಬಾಯ್ಲರ್‌ನೊಳಗೆ ಮೊದಲು ನೋಡಬೇಕಾದದ್ದು ಜ್ವಾಲೆಗೆ ಚಾಚಿದ ಒಂದು ಲೋಹದ ಕಡ್ಡಿಯನ್ನು. ಬರ್ನರ್ ಉರಿಯುತ್ತಿದೆಯೇ ಇಲ್ಲವೇ ಎಂದು ಯಂತ್ರಕ್ಕೆ ತಿಳಿಸುವುದು ಇದೇ. ಉರಿಯಲ್ಲಿ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಇರುವುದರಿಂದ ಅದರ ಮೂಲಕ ವಿದ್ಯುತ್ತು ತುಸು ಹರಿಯಬಲ್ಲದು. ಕಡ್ಡಿಗೂ ಬರ್ನರ್‌ಗೂ ನಡುವೆ ಪರ್ಯಾಯ ವಿದ್ಯುತ್ತು ಕೊಟ್ಟಾಗ, ಬರ್ನರ್‌ನ ಮೈ ದೊಡ್ಡದಾಗಿರುವ ಕಾರಣ ಪ್ರವಾಹ ಒಂದು ದಿಕ್ಕಿಗೆ ಹೆಚ್ಚು ಹರಿಯುತ್ತದೆ. ಕೆಲವೇ ಮೈಕ್ರೊಆಂಪಿಯರ್, ಅಷ್ಟೇ. ಒದ್ದೆಯಾದ ತಂತಿಯಿಂದ ಸೋರುವ ವಿದ್ಯುತ್ತು ಎರಡೂ ದಿಕ್ಕಿಗೆ ಸಮನಾಗಿ ಹರಿಯುವುದರಿಂದ ಯಂತ್ರ ಅದನ್ನು ಜ್ವಾಲೆಯೆಂದು ನಂಬುವುದಿಲ್ಲ. ನನಗೆ ಇಡೀ ಬಾಯ್ಲರ್‌ನಲ್ಲಿ ಇದಕ್ಕಿಂತ ಜಾಣತನದ ಭಾಗ ಕಾಣಿಸಿಲ್ಲ. ಆದರೆ ಕಡ್ಡಿಯ ಮೇಲೆ ತೆಳುವಾದ ಪದರ ಕಟ್ಟಿಕೊಂಡರೆ ಆ ಪುಟ್ಟ ಪ್ರವಾಹವೂ ಕ್ಷೀಣಿಸುತ್ತದೆ. ಉರಿ ಚೆನ್ನಾಗಿಯೇ ಇದ್ದರೂ ಯಂತ್ರ ಅನಿಲದ ದಾರಿ ಮುಚ್ಚುತ್ತದೆ. ಕಡ್ಡಿಯನ್ನು ಉಜ್ಜಿ ಸ್ವಚ್ಛಮಾಡಿದರೆ ಮುಗಿಯುವ ಕೆಲಸ. ಆದರೆ ಕವಚ ಬಿಚ್ಚುವುದು ತರಬೇತಿ ಪಡೆದ ತಂತ್ರಜ್ಞರಿಗೇ ಬಿಟ್ಟದ್ದು. ವಾಸನೆ, ಬಣ್ಣ ಎರಡೂ ಇಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಜೊತೆ ಚೌಕಾಸಿ ಸಲ್ಲದು. ಉರಿಯ ಶಾಖವನ್ನು ನೀರಿಗೆ ದಾಟಿಸುವ ಶಾಖ ವಿನಿಮಯಕ ಬಿರುಕು ಬಿಟ್ಟಿದ್ದರೆ ಚರ್ಚೆಯೂ ಬೇಡ, ಬಾಯ್ಲರ್ ಹೋಗಲೇಬೇಕು.

ಈಗ ಆ ನೀರಿಗೆ ಬರೋಣ. ರೇಡಿಯೇಟರ್‌ನ ಉಕ್ಕು ನೀರಿನಲ್ಲಿ ಕರಗಿರುವ ಅಲ್ಪಸ್ವಲ್ಪ ಆಮ್ಲಜನಕದೊಡನೆ ಸೇರಿ ಕಪ್ಪು ತುಕ್ಕಾಗುತ್ತದೆ. ಅದು ಮ್ಯಾಗ್ನೆಟೈಟ್. ಹೆಸರೇ ಹೇಳುವಂತೆ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಈಗಿನ ಪಂಪ್‌ಗಳ ತಿರುಗುಭಾಗದಲ್ಲಿ ಅಯಸ್ಕಾಂತ ಇರುವುದರಿಂದ ಈ ಕೆಸರು ನೇರ ಅಲ್ಲಿಗೇ ಹೋಗಿ ಕೂರುತ್ತದೆ. ಉಳಿದದ್ದು ಶಾಖ ವಿನಿಮಯಕದ ಸಣ್ಣ ಸಣ್ಣ ದಾರಿಗಳಲ್ಲಿ. ಗಡಸು ನೀರಾದರೆ ಅಲ್ಲಿ ಸುಣ್ಣದ ಪದರವೂ ಕಟ್ಟುತ್ತದೆ. ಅದರಡಿಯ ನೀರು ಅಲ್ಲಲ್ಲೇ ಕುದಿದು ಕೆಟಲ್‌ನಂತೆ ಸದ್ದು ಮಾಡುತ್ತದೆ. ಹಳೆಯ ಬಾಯ್ಲರ್ ಕಿತ್ತು, ಕೊಳವೆಗಳನ್ನು ತೊಳೆಯದೆ ಹೊಸದನ್ನು ಜೋಡಿಸಿದರೆ ರೋಗಿಯನ್ನು ಹಾಗೇ ಬಿಟ್ಟು ಹಾಸಿಗೆ ಬದಲಿಸಿದಂತೆ. ಹೊಸದರ ದಾರಿಗಳು ಹಳೆಯ ಎರಕದ ಕಬ್ಬಿಣದ ಬಾಯ್ಲರ್‌ನವಕ್ಕಿಂತ ಕಿರಿದು, ಆದ್ದರಿಂದ ಬೇಗನೆ ಕಟ್ಟಿಕೊಳ್ಳುತ್ತವೆ.

ಒತ್ತಡಮಾಪಕದ ಮುಳ್ಳು ದಿನವೂ ಏರಿಳಿಯುತ್ತಿದ್ದರೆ ಕಾರಣ ಬೇರೆ. 20ರಿಂದ 80 ಡಿಗ್ರಿಗೆ ಕಾದ 100 ಲೀಟರ್ ನೀರು ಸುಮಾರು 2.7 ಲೀಟರ್‌ನಷ್ಟು ಹಿಗ್ಗುತ್ತದೆ. ಅದಕ್ಕೆ ಜಾಗ ಕೊಡುವುದು ರಬ್ಬರ್ ಪೊರೆಯಿರುವ ಒಂದು ಪುಟ್ಟ ತೊಟ್ಟಿ. ಪೊರೆ ಹರಿದರೆ ಹಿಗ್ಗಿದ ನೀರು ಸುರಕ್ಷಾ ಕವಾಟದಿಂದ ಹೊರಹೋಗುತ್ತದೆ, ತಣಿದಾಗ ಒತ್ತಡ ಕುಸಿಯುತ್ತದೆ. ಮನೆಯವರು ಹೊಸ ನೀರು ತುಂಬುತ್ತಾರೆ, ಹೊಸ ನೀರಿನೊಂದಿಗೆ ಹೊಸ ಆಮ್ಲಜನಕ ಬರುತ್ತದೆ, ಮತ್ತಷ್ಟು ಕೆಸರು.

ಇಷ್ಟಾದ ಮೇಲೂ ಬದಲಿಸಲೇಬೇಕಾದರೆ ಎಷ್ಟು ದೊಡ್ಡದು ಬೇಕು? ಸ್ನಾನಕ್ಕೆ ನಿಮಿಷಕ್ಕೆ 10 ಲೀಟರ್ ನೀರನ್ನು 35 ಡಿಗ್ರಿಯಷ್ಟು ಏರಿಸಲು ಸುಮಾರು 24 ಕಿಲೊವ್ಯಾಟ್ ಬೇಕು. ಅದೇ ಮನೆಯನ್ನು ಬೆಚ್ಚಗಿಡಲು ಅದರ ಮೂರನೇ ಒಂದು ಪಾಲೂ ಬೇಡದಿರಬಹುದು. ಸ್ನಾನದ ಲೆಕ್ಕದಲ್ಲಿ ಕೊಂಡ ಬಾಯ್ಲರ್ ತನ್ನ ಉರಿಯನ್ನು ಸಾಕಷ್ಟು ತಗ್ಗಿಸಲಾರದೆ ಹೋದರೆ ಹೊತ್ತುತ್ತಾ ಆರುತ್ತಾ ಸವೆಯುತ್ತದೆ. ಆದ್ದರಿಂದ ಗರಿಷ್ಠ ಸಾಮರ್ಥ್ಯಕ್ಕಿಂತ ಕನಿಷ್ಠ ಸಾಮರ್ಥ್ಯ ಎಷ್ಟೆಂದು ಕೇಳುವವರೇ ಜಾಣರು.

ಮೊದಲು ಹೇಳಿದ ತೊಟ್ಟಿಕ್ಕುವ ನೀರು ಹುಟ್ಟುವುದು ಉರಿಯಿಂದಲೇ. 1 ಕಿಲೊ ಮೀಥೇನ್ ಉರಿದರೆ 2.25 ಕಿಲೊ ನೀರಾವಿ ಬರುತ್ತದೆ. ಇಂಧನದ ಶಾಖದಲ್ಲಿ ಶೇ. 10ರಷ್ಟು ಆ ಆವಿಯಲ್ಲಿ ಗುಪ್ತೋಷ್ಣವಾಗಿ ಅಡಗಿರುತ್ತದೆ. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆವಿ ಹನಿಯಾಗಿ ಆ ಶಾಖವನ್ನು ಬಿಟ್ಟುಕೊಡುತ್ತದೆ. 80 ಡಿಗ್ರಿಗೆ ತಿರುಗಿಸಿಟ್ಟ ಕಂಡೆನ್ಸಿಂಗ್ ಬಾಯ್ಲರ್‌ನಲ್ಲಿ ಕಂಡೆನ್ಸಿಂಗ್ ಎಂಬ ಮಾತು ಬಹುಪಾಲು ಹೆಸರಿಗಷ್ಟೇ ಉಳಿಯುತ್ತದೆ.

ಕಡಿಮೆ ಬಿಸಿಯ ನೀರನ್ನು, ಬಾಯ್ಲರ್ ಬದಲು ಹಾಕಿಸಬಹುದಾದ ಹೀಟ್ ಪಂಪ್ ಕೂಡ ಬಯಸುತ್ತದೆ. ಹೊರಗಿನ ಶಾಖವನ್ನು ಒಳಗೆ ಎತ್ತಿ ತರುವ ಇಂಥ ಯಂತ್ರದ ಯೋಚನೆಯನ್ನು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, 1852ರಲ್ಲೇ ಮುಂದಿಟ್ಟಿದ್ದರು. ಅನುಕೂಲ ಸ್ಥಿತಿಯಲ್ಲಿ ಇದು 1 ಯೂನಿಟ್ ವಿದ್ಯುತ್ತಿಗೆ 3 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಶಾಖ ಕೊಡುತ್ತದೆ. ತೊಡಕಿರುವುದು ರೇಡಿಯೇಟರ್‌ನಲ್ಲಿ. ಕೋಣೆ 20 ಡಿಗ್ರಿ ಇರುವಾಗ ರೇಡಿಯೇಟರ್ 70ರಿಂದ 45ಕ್ಕೆ ಇಳಿದರೆ ಅದು ಹೊರಸೂಸುವ ಶಾಖ ಮೊದಲಿನ ಶೇ. 40ರಷ್ಟಕ್ಕೆ ಕುಸಿಯುತ್ತದೆ.

ನಿಮ್ಮ ಮನೆಗೆ ಅಷ್ಟು ಸಾಕೇ ಎಂದು ತಿಳಿಯಲು ಹೊಸ ಯಂತ್ರ ಬೇಕಿಲ್ಲ. ಹಳೆಯ ಬಾಯ್ಲರ್ ಕಂಡೆನ್ಸಿಂಗ್ ಬಗೆಯದಾಗಿದ್ದು ಇನ್ನೂ ಉಸಿರಾಡುತ್ತಿದ್ದರೆ, ಚಳಿ ಜೋರಾದ ಒಂದು ವಾರ ರೇಡಿಯೇಟರ್‌ಗೆ ಹೋಗುವ ನೀರನ್ನು 50 ಡಿಗ್ರಿಗೆ ಇಳಿಸಿ ಹಗಲು ರಾತ್ರಿ ಓಡಿಸಿ. ಸ್ನಾನದ ನೀರಿಗೆ ಬೇರೆ ತೊಟ್ಟಿಯಿದ್ದರೆ ಅದನ್ನು ಮಾತ್ರ 60ರಲ್ಲೇ ಬಿಡಿ, ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಾರದು. ಯಾವ ಕೋಣೆ ತಣ್ಣಗಾಗುತ್ತದೆಂದು ಬರೆದಿಡಿ. ಆಮೇಲೆ ಯಾರಿಂದಾದರೂ ಒಂದು ರೇಡಿಯೇಟರ್‌ನ ತಳದಿಂದ ಅರ್ಧ ಲೋಟ ನೀರು ತೆಗೆಸಿ, ಬೆಳಕಿಗೆ ಹಿಡಿದು ನೋಡಿ.